ಫೋನಿಗೆ ವಿಮೆ: ಮೊದಲು ಡಿಸ್‌ಪ್ಲೇ ಬೆಲೆ ಕೇಳಿ

ಹೊಸ ಫೋನ್ ಆಯ್ಕೆಯಾಗಿ, ಬಣ್ಣವೂ ಗೊತ್ತಾಗಿ, ಬಿಲ್ ಹಾಕುವ ಹೊತ್ತಿಗೆ ಅಂಗಡಿಯವರು ಕೇಳುತ್ತಾರೆ: “ಇನ್ಶೂರೆನ್ಸ್ ಹಾಕ್ಲಾ? ಬಿದ್ರೂ ಕವರ್ ಆಗುತ್ತೆ, ಕಳೆದ್ರೂ ಕವರ್ ಆಗುತ್ತೆ.” ಇಪ್ಪತ್ತು ಸಾವಿರ ಕೊಡಲು ಮನಸ್ಸು ಗಟ್ಟಿ ಮಾಡಿಕೊಂಡು ಬಂದವರಿಗೆ ಇನ್ನೊಂದು ಸಾವಿರ ದೊಡ್ಡದಾಗಿ ಕಾಣುವುದಿಲ್ಲ. ಕಂತಿನ ಮೇಲೆ ಕೊಳ್ಳುವವರಿಗಂತೂ ಅದು ತಿಂಗಳಿಗೆ ನೂರು ರೂಪಾಯಿಯಾಗಿ ಇಎಂಐ ಒಳಗೆ ಕರಗಿಹೋಗುತ್ತದೆ. ತಲೆಯಾಡಿಸಿದರೆ ಮುಗಿಯಿತು. ಕರಾರು ಏನು ಹೇಳುತ್ತದೆ ಎಂದು ಆ ಹೊತ್ತಿನಲ್ಲಿ ಯಾರೂ ಓದುವುದಿಲ್ಲ, ಓದಲು ಕೊಡುವುದೂ ಇಲ್ಲ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕಳ್ಳತನದ ಭಯಕ್ಕಾಗಿ ಫೋನ್ ವಿಮೆ ಕೊಳ್ಳಬೇಡಿ. ಪರದೆ ಒಡೆಯುವ ಖರ್ಚಿಗಾಗಿ ಕೊಳ್ಳುವುದಾದರೆ ಲೆಕ್ಕ ಹಾಕಿ ಕೊಳ್ಳಿ. ಆ ಲೆಕ್ಕದಲ್ಲಿ ಮುಖ್ಯವಾದ ಅಂಕಿ ನಿಮ್ಮ ಫೋನಿನ ಬೆಲೆಯಲ್ಲ, ಅದರ ಡಿಸ್‌ಪ್ಲೇಯ ಬೆಲೆ. ನಾವು ಹಣ ಕೊಡುವುದು ಫೋನ್ ಪೂರ್ತಿ ಕೈತಪ್ಪೀತೆಂಬ ಅಂಜಿಕೆಗೆ. ಆದರೆ ಈ ವಿಮೆ ನಿಜವಾಗಿ ಕೆಲಸಕ್ಕೆ ಬರುವುದು ಒಡೆದ ಗಾಜಿನ ರಿಪೇರಿಗೆ. ಇವೆರಡರ ನಡುವಿನ ಅಂತರದಲ್ಲೇ ಜನರ ದುಡ್ಡು ಹೋಗುತ್ತಿದೆ.

ಕಳುವಾದರೆ ಏನಾಗುತ್ತದೆ?

ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವ ನೂಕುನುಗ್ಗಲಿನಲ್ಲಿ ಜೇಬಿನಿಂದ ಫೋನ್ ಮಾಯವಾಯಿತು ಎಂದುಕೊಳ್ಳಿ. ನಮ್ಮ ಮಾತಿನಲ್ಲಿ ಇದು ಕಳ್ಳತನ, ಕಾನೂನಿನ ಪ್ರಕಾರವೂ ಕಳ್ಳತನ. ಆದರೆ ಅನೇಕ ಫೋನ್ ಪಾಲಿಸಿಗಳಲ್ಲಿ ಕಳ್ಳತನ ಎಂದರೆ ಬೀಗ ಹಾಕಿದ ಮನೆ ಅಥವಾ ವಾಹನವನ್ನು ಒಡೆದು ಒಳನುಗ್ಗಿದ್ದು, ಇಲ್ಲವೇ ಹಲ್ಲೆ ಮಾಡಿಯೋ ಬೆದರಿಸಿಯೋ ಕಿತ್ತುಕೊಂಡಿದ್ದು ಮಾತ್ರ. ಜೇಬುಗಳ್ಳತನ, ಹೋಟೆಲ್ ಮೇಜಿನ ಮೇಲೆ ಮರೆತು ಬಂದದ್ದು, ಆಟೊದಲ್ಲಿ ಬಿಟ್ಟಿಳಿದದ್ದು, ಎಲ್ಲಿ ಹೋಯಿತೋ ಗೊತ್ತಿಲ್ಲದಂತೆ ಕಾಣೆಯಾದದ್ದು ಹೊರಗಿಟ್ಟ ಪಟ್ಟಿಯಲ್ಲಿ ಸೇರಿರುತ್ತವೆ. ಫೋನ್ ನಮ್ಮ ಕೈತಪ್ಪುವುದು ಹೆಚ್ಚಾಗಿ ಈ ದಾರಿಗಳಲ್ಲೇ.

ಇದು ಅನ್ಯಾಯ ಅನಿಸಬಹುದು. ನ್ಯಾಯಾಲಯ ಮಾತ್ರ ಕರಾರಿನಲ್ಲಿ ಬರೆದದ್ದನ್ನೇ ಹಿಡಿಯುತ್ತದೆ. ವ್ಯಾಪಾರಿಯೊಬ್ಬರ ದಾಸ್ತಾನು ಕಳುವಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲೇ ಇದನ್ನು ಸ್ಪಷ್ಟಪಡಿಸಿತು: ಬಲಪ್ರಯೋಗದಿಂದ ಒಳನುಗ್ಗಿ ಕದ್ದರೆ ಮಾತ್ರ ಪರಿಹಾರ ಎಂದು ಪಾಲಿಸಿಯಲ್ಲಿದ್ದರೆ, ಬಲಪ್ರಯೋಗದ ಗುರುತಿಲ್ಲದ ಕಳವಿಗೆ ವಿಮಾ ಕಂಪನಿ ಹೊಣೆಯಲ್ಲ. ಅದು ಫೋನಿನ ಪ್ರಕರಣವಲ್ಲ. ಆದರೂ ಅದೇ ಬಗೆಯ ವಾಕ್ಯ ಫೋನಿನ ಪಾಲಿಸಿಗಳಲ್ಲೂ ಕುಳಿತಿರುವುದರಿಂದ ಆ ತೀರ್ಪಿನ ನೆರಳು ಇಲ್ಲಿಯವರೆಗೂ ಚಾಚುತ್ತದೆ.

ಹಾಗಾಗಿ ಪೊಲೀಸ್ ದೂರಿನಲ್ಲಿ ಏನು ದಾಖಲಾಗುತ್ತದೆ ಎಂಬುದು ಮುಖ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳ್ಳತನಕ್ಕೆ 303ನೇ ಕಲಂ ಇದೆ. ಕೈಯಿಂದ ಕಸಿದುಕೊಂಡು ಓಡುವುದಕ್ಕೆ 304ನೇ ಕಲಂ ಅಡಿ ಪ್ರತ್ಯೇಕ ಅಪರಾಧದ ಸ್ಥಾನ ಸಿಕ್ಕಿದೆ. ಹಳೆಯ ದಂಡಸಂಹಿತೆಯಲ್ಲಿ ಇದು ಇರಲಿಲ್ಲ. ಬೈಕಿನಲ್ಲಿ ಬಂದವರು ಫೋನ್ ಕಿತ್ತುಕೊಂಡು ಹೋಗಿದ್ದರೆ ‘ಫೋನ್ ಕಳೆದಿದೆ’ ಎಂದು ಬರೆದುಕೊಟ್ಟು ಬರಬೇಡಿ. ನಡೆದದ್ದನ್ನು ನಡೆದಂತೆಯೇ ಹೇಳಿ, ಎಫ್‌ಐಆರ್ ಪ್ರತಿ ಕೇಳಿ ಪಡೆಯಿರಿ. ಕರ್ನಾಟಕ ಪೊಲೀಸರ ಇ-ಲಾಸ್ಟ್ ಸೌಲಭ್ಯ ಕಳೆದುಹೋದ ವಸ್ತುಗಳ ವರದಿಗಾಗಿ ಇರುವುದು. ಬದಲಿ ಸಿಮ್ ಪಡೆಯುವಂಥ ಕೆಲಸಕ್ಕೆ ಆ ಸ್ವೀಕೃತಿ ಸಾಕಾಗುತ್ತದೆ, ಕಳ್ಳತನದ ಕ್ಲೇಮಿಗೆ ಸಾಕಾಗುವುದಿಲ್ಲ.

ಇನ್ನೊಂದು ಮಾತು. ಫೋನ್ ಕಳುವಾದಾಗ ಇಂದು ದೊಡ್ಡ ನಷ್ಟ ಫೋನಿನದ್ದೇ ಆಗಿರಬೇಕೆಂದಿಲ್ಲ. ಯುಪಿಐ, ಬ್ಯಾಂಕಿನ ಆ್ಯಪ್, ಒಟಿಪಿ ಬರುವ ಸಿಮ್, ಎಲ್ಲವೂ ಅದರೊಳಗಿವೆ. ಖಾತೆಯಿಂದ ಹೋದ ಹಣಕ್ಕೆ ಸಾಮಾನ್ಯ ಫೋನ್ ವಿಮೆ ಒಂದು ಪೈಸೆಯನ್ನೂ ಕೊಡುವುದಿಲ್ಲ, ಅದರ ವ್ಯಾಪ್ತಿ ಯಂತ್ರಕ್ಕಷ್ಟೇ. ಇಲ್ಲಿ ನಿಮ್ಮನ್ನು ಕಾಯುವ ಕೆಲಸಗಳೆಲ್ಲ ಬಿಟ್ಟಿಯಾಗಿ ಆಗುವಂಥವು: ತಕ್ಷಣ ಸಿಮ್ ಬ್ಲಾಕ್ ಮಾಡಿಸಿ, ಬ್ಯಾಂಕಿಗೆ ತಿಳಿಸಿ, ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ. ಅದೇ ಸಂಖ್ಯೆಗೆ ಮತ್ತೆ ಸಿಮ್ ಸಿಕ್ಕ ಮೇಲೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ಗೆ ಹೋಗಿ, ಪೊಲೀಸ್ ದೂರಿನ ಪ್ರತಿ ಮತ್ತು ಐಎಂಇಐ ಸಂಖ್ಯೆ ಕೊಟ್ಟರೆ ಆ ಫೋನ್ ದೇಶದ ಯಾವ ನೆಟ್‌ವರ್ಕಿನಲ್ಲೂ ನಡೆಯದಂತೆ ತಡೆಹಿಡಿಯುತ್ತಾರೆ. 2023ರ ಮೇ ತಿಂಗಳಿಂದ ಇಡೀ ದೇಶಕ್ಕೆ ಈ ವ್ಯವಸ್ಥೆ ಸಿಕ್ಕಿದೆ. ಯಾರಾದರೂ ಬೇರೆ ಸಿಮ್ ಹಾಕಿದರೆ ಅದರ ಸುಳಿವು ಪೊಲೀಸರಿಗೆ ಸಿಗುತ್ತದೆ, ಹೀಗೆ ಫೋನ್ ಮರಳಿ ಪಡೆದವರು ನಮ್ಮ ರಾಜ್ಯದಲ್ಲೂ ಬಹಳ ಮಂದಿ ಇದ್ದಾರೆ. ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿದರೆ ಐಎಂಇಐ ಸಂಖ್ಯೆ ಪರದೆಯ ಮೇಲೆ ಬರುತ್ತದೆ. ಅದನ್ನು ಇವತ್ತೇ ಒಂದು ಚೀಟಿಯಲ್ಲಿ ಬರೆದು ಮನೆಯಲ್ಲಿಡಿ. ಫೋನಿನೊಳಗೇ ಬರೆದಿಟ್ಟರೆ ಪ್ರಯೋಜನವಿಲ್ಲ.

ಮಾರುವುದು ವಿಮೆಯೇ ಎಂದು ಕೇಳಿ

ಅಂಗಡಿಯಲ್ಲಿ ‘ಇನ್ಶೂರೆನ್ಸ್’ ಎಂದು ಕೊಡುವುದೆಲ್ಲ ವಿಮೆಯಲ್ಲ. ಎಕ್ಸ್‌ಟೆಂಡೆಡ್ ವಾರಂಟಿ ಎಂದರೆ ಕಂಪನಿಯ ಒಂದು ವರ್ಷದ ವಾರಂಟಿಯನ್ನು ಮುಂದುವರಿಸುವುದಷ್ಟೆ. ತಯಾರಿಕೆಯ ದೋಷಕ್ಕೆ ಅದು ಅನ್ವಯಿಸುತ್ತದೆ, ಕೈಜಾರಿ ಬಿದ್ದದ್ದಕ್ಕೆ ಅಲ್ಲ. ಸ್ಕ್ರೀನ್ ಪ್ರೊಟೆಕ್ಷನ್ ಪ್ಲಾನ್ ಪರದೆಗೆ ಮಾತ್ರ, ಕೆಲವು ಪ್ಲಾನ್‌ಗಳಲ್ಲಿ ವರ್ಷಕ್ಕೆ ಒಂದೇ ಸಲ. ಇನ್ನು ಬಿದ್ದದ್ದು, ನೀರು ಹೊಕ್ಕಿದ್ದು ಎರಡನ್ನೂ ಒಳಗೊಳ್ಳುವ ಪ್ಲಾನ್‌ಗಳ ಹಿಂದೆ ಸಾಮಾನ್ಯವಾಗಿ ಒಂದು ವಿಮಾ ಕಂಪನಿಯ ಗುಂಪು ಪಾಲಿಸಿ ಇರುತ್ತದೆ. ಪ್ಲಾನ್ ಮಾರುವ ಸಂಸ್ಥೆ ಪಾಲಿಸಿಯ ಒಡೆಯ, ನೀವು ಅದರ ಒಬ್ಬ ಸದಸ್ಯ.

ಈ ವ್ಯತ್ಯಾಸ ಜಗಳದ ದಿನ ಕೆಲಸಕ್ಕೆ ಬರುತ್ತದೆ. ವಿಮೆಯಾಗಿದ್ದರೆ ಅದು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಅಡಿಗೆ ಬರುತ್ತದೆ, ವಿಮಾ ದೂರುಗಳನ್ನು ಆಲಿಸುವ ಒಂಬುಡ್ಸ್‌ಮನ್ ಬಾಗಿಲು ತಟ್ಟಬಹುದು. ಬರೀ ಸರ್ವಿಸ್ ಪ್ಲಾನ್ ಆಗಿದ್ದರೆ ಆ ದಾರಿ ಇಲ್ಲ, ಗ್ರಾಹಕರ ಆಯೋಗಕ್ಕೇ ಹೋಗಬೇಕು. ಆದ್ದರಿಂದ ಹಣ ಕೊಡುವ ಮುಂಚೆ ಒಂದೇ ಪ್ರಶ್ನೆ ಕೇಳಿ: “ನನ್ನ ಹೆಸರಿಗೆ ವಿಮಾ ಪ್ರಮಾಣಪತ್ರ ಬರುತ್ತದೆಯೇ, ಯಾವ ವಿಮಾ ಕಂಪನಿಯಿಂದ?” ಉತ್ತರ ತಡವರಿಸಿದರೆ ಅದನ್ನು ವಿಮೆ ಎಂದು ನಂಬಿ ಕೊಳ್ಳಬೇಡಿ.

ಆನ್‌ಲೈನ್‌ನಲ್ಲಿ ಕೊಳ್ಳುವವರು ಪಾವತಿಯ ಪುಟವನ್ನು ಮತ್ತೊಮ್ಮೆ ನೋಡಬೇಕು. ಗ್ರಾಹಕರ ಒಪ್ಪಿಗೆಯಿಲ್ಲದೆ ಬುಟ್ಟಿಗೆ ಇನ್ನೊಂದು ವಸ್ತುವನ್ನೋ ಸೇವೆಯನ್ನೋ ತುರುಕುವುದನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಮೋಸದ ವಿನ್ಯಾಸಗಳೆಂದು ಅದು ಹೆಸರಿಸಿದ ಹದಿಮೂರರಲ್ಲಿ ಇದೂ ಒಂದು. ಮೊದಲೇ ಟಿಕ್ ಹಾಕಿಟ್ಟ ಚೌಕ ಕಂಡರೆ ತೆಗೆದುಹಾಕುವ ಹಕ್ಕು ನಿಮ್ಮದು, ದೂರು ಕೊಡುವ ಸಂಖ್ಯೆ 1915. ಕಂತಿನ ಮೇಲೆ ಕೊಳ್ಳುವಾಗಲೂ ಸಾಲದ ವಿವರದ ಹಾಳೆ ಕೇಳಿ. ಫೋನಿನ ಬೆಲೆಗೂ ಸಾಲದ ಮೊತ್ತಕ್ಕೂ ನಡುವೆ ವಿವರಿಸದ ವ್ಯತ್ಯಾಸವಿದ್ದರೆ ಅಲ್ಲಿ ಯಾವುದೋ ಪ್ಲಾನ್ ಅಡಗಿರಬಹುದು.

ನೀರಿನ ವಿಷಯ

ಐಪಿ68 ಎಂದು ಡಬ್ಬಿಯ ಮೇಲೆ ಬರೆದಿರುವ ಫೋನಿಗೆ ನೀರಿನ ಚಿಂತೆ ಇಲ್ಲ ಎಂದು ಹಲವರು ತಿಳಿದಿದ್ದಾರೆ. ಐಪಿ67 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಇಟ್ಟು ನಡೆಸಿದ ಪರೀಕ್ಷೆ. ಐಪಿ68 ಅದಕ್ಕಿಂತ ಕಠಿಣ, ಅದರ ಆಳವನ್ನು ತಯಾರಕರೇ ಹೇಳುತ್ತಾರೆ. ಪರೀಕ್ಷೆ ನಡೆಯುವುದು ಹೊಸ ಫೋನಿನ ಮೇಲೆ, ಶುದ್ಧ ನೀರಿನಲ್ಲಿ. ಎರಡು ಸಲ ಬಿದ್ದು ಅಂಚು ಸಡಿಲಾದ ಫೋನ್, ಮಲ್ಪೆಯ ಕಡಲಿನ ಉಪ್ಪುನೀರು ಅಥವಾ ಸೋಪಿನ ಬಕೆಟ್ ಆ ಪರೀಕ್ಷೆಯಲ್ಲಿ ಇಲ್ಲ. ಇದಕ್ಕಿಂತ ಮುಖ್ಯವಾಗಿ, ನೀರು ಒಳಹೊಕ್ಕು ಕೆಟ್ಟರೆ ಕಂಪನಿಯ ಸಾಮಾನ್ಯ ವಾರಂಟಿ ಅನ್ವಯಿಸುವುದಿಲ್ಲ. ಹಲವು ಫೋನ್‌ಗಳಲ್ಲಿ ಸಿಮ್ ತಟ್ಟೆಯ ಒಳಗೋ ಇನ್ನೆಲ್ಲೋ ಒಂದು ಪುಟ್ಟ ಪಟ್ಟಿ ಇರುತ್ತದೆ, ತೇವ ತಾಗಿದರೆ ಅದು ಕೆಂಪಾಗುತ್ತದೆ. ಸರ್ವಿಸ್ ಸೆಂಟರಿನವರು ಮೊದಲು ನೋಡುವುದು ಅದನ್ನೇ.

ಕರಾವಳಿ, ಮಲೆನಾಡುಗಳಲ್ಲಿ ಬೈಕ್ ಮೇಲೆ ಓಡಾಡುವವರು, ಮೀನುಗಾರರು, ತೋಟದ ಕೆಲಸದವರು ಮಳೆಗಾಲ ಪೂರ್ತಿ ನೀರಿನ ನಡುವೆಯೇ ಇರುತ್ತಾರೆ. ಅವರಿಗೆ ನೀರನ್ನೂ ಒಳಗೊಂಡ ಪ್ಲಾನ್ ಅರ್ಥವುಳ್ಳದ್ದು. ‘ಲಿಕ್ವಿಡ್ ಡ್ಯಾಮೇಜ್’ ಎಂದು ಕರಾರಿನಲ್ಲಿ ಬರೆದಿದೆಯೇ ಎಂದು ಕಣ್ಣಾರೆ ನೋಡಿ. ಬಾಯಿಮಾತಿನ ಭರವಸೆಗೆ ಮುಂದೆ ಸಾಕ್ಷಿ ಇರುವುದಿಲ್ಲ.

ಲೆಕ್ಕ ಹಾಕುವ ಬಗೆ

ಪರದೆಯ ಬೆಲೆ ತಿಳಿಯುವುದು ಕಷ್ಟವಲ್ಲ. ಕೆಲವು ದೊಡ್ಡ ಕಂಪನಿಗಳು ಬಿಡಿಭಾಗಗಳ ದರಪಟ್ಟಿಯನ್ನು ತಮ್ಮ ಜಾಲತಾಣದಲ್ಲೇ ಹಾಕಿವೆ. ಇಲ್ಲದಿದ್ದರೆ ಅಧಿಕೃತ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ, ಮಾಡೆಲ್ ಹೆಸರು ಹೇಳಿ, “ಡಿಸ್‌ಪ್ಲೇ ಬದಲಿಸಲು ತೆರಿಗೆ, ಕೂಲಿ ಸೇರಿ ಎಷ್ಟು?” ಎಂದು ಕೇಳಿ. ಅಂಗಡಿಗೆ ಹೋಗುವ ಮೊದಲೇ ಈ ಕರೆ ಮಾಡಿದರೆ ಒಳ್ಳೆಯದು, ಯಾವ ಫೋನ್ ಕೊಳ್ಳಬೇಕೆಂಬ ತೀರ್ಮಾನವೇ ಬದಲಾಗಬಹುದು.

ಈಗ ಎರಡು ಉದಾಹರಣೆ, ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ಮೊದಲನೆಯದು 12,000 ರೂಪಾಯಿಯ ಫೋನ್. ಡಿಸ್‌ಪ್ಲೇ ಬದಲಿಸಲು 2,500 ರೂಪಾಯಿ, ಪ್ಲಾನ್ ವರ್ಷಕ್ಕೆ 900, ಪ್ರತಿ ಕ್ಲೇಮಿಗೆ ನೀವು ಕೊಡಬೇಕಾದ ಪಾಲು 500 ಎಂದುಕೊಳ್ಳೋಣ. ಒಡೆದರೆ ನಿಮಗೆ ಉಳಿಯುವುದು 2,000. ಅಂದರೆ ಸುಮಾರು ಎರಡು ವರ್ಷಕ್ಕೊಮ್ಮೆ ಪರದೆ ಒಡೆದರೆ ಮಾತ್ರ ಕೊಟ್ಟದ್ದಕ್ಕೂ ಬಂದದ್ದಕ್ಕೂ ಸರಿಹೋಗುತ್ತದೆ. ಅಷ್ಟು ಬೇಗ ಬೇಗ ಒಡೆಯದಿದ್ದರೆ ನಷ್ಟ. ಎರಡನೆಯದು 80,000ದ ಫೋನ್. ಡಿಸ್‌ಪ್ಲೇ 25,000, ಪ್ಲಾನ್ 5,500, ನಿಮ್ಮ ಪಾಲು 2,500. ಒಡೆದರೆ ಉಳಿಯುವುದು 22,500. ಇಲ್ಲಿ ನಾಲ್ಕು ವರ್ಷಕ್ಕೊಮ್ಮೆ ಒಡೆದರೂ ಲೆಕ್ಕ ಸರಿಹೋಗುತ್ತದೆ. ಮಡಚುವ ಫೋನಿನಲ್ಲಿ ಒಳಪರದೆಯ ಬೆಲೆ ಇನ್ನೂ ಹೆಚ್ಚು, ಅಲ್ಲಿ ನಾನು ಕಣ್ಣುಮುಚ್ಚಿ ಪ್ಲಾನ್ ಕೊಳ್ಳಿ ಎನ್ನುತ್ತೇನೆ.

ಲೆಕ್ಕದ ಆಚೆಗೆ ಇನ್ನೊಂದಿದೆ. 2,500 ರೂಪಾಯಿ ಹೇಗೋ ಹೊಂದಿಸಬಹುದು. 25,000 ಒಮ್ಮೆಲೇ ಕೊಡಬೇಕೆಂದರೆ ತಿಂಗಳ ಬಜೆಟ್ಟೇ ಕುಸಿಯುತ್ತದೆ. ವಿಮೆ ಇರುವುದು ಎರಡನೆಯ ಬಗೆಯ ಖರ್ಚಿಗೆ. ಹೊಂದಿಸಬಲ್ಲ ಸಣ್ಣ ಖರ್ಚಿಗೆ ಪ್ರೀಮಿಯಂ, ಅದರ ಮೇಲೆ ಶೇ 18 ಜಿಎಸ್‌ಟಿ, ನಡುವಿನವರ ಕಮಿಷನ್ ಎಲ್ಲ ಕೊಟ್ಟು ಕಾಯುವುದು ಸರಿಯಲ್ಲ. ಆ 900 ರೂಪಾಯಿಯಲ್ಲಿ ಗಟ್ಟಿ ಕವರ್ ಮತ್ತು ಟೆಂಪರ್ಡ್ ಗ್ಲಾಸ್ ಹಾಕಿಸಿ, ಉಳಿದದ್ದನ್ನು ಕೂಡಿಡಬಹುದು.

ಫೋನ್ ಪೂರ್ತಿ ಹಾಳಾದರೆ ಹೊಸದು ಬರುತ್ತದೆ ಎಂಬ ನಂಬಿಕೆಯನ್ನೂ ಬಿಡಬೇಕು. ತಿಂಗಳು ಕಳೆದಂತೆ ಸವಕಳಿ ಕಳೆಯುತ್ತಾರೆ, ಅದರ ಕೋಷ್ಟಕ ಕರಾರಿನಲ್ಲೇ ಇರುತ್ತದೆ. 20,000 ರೂಪಾಯಿಯ ಫೋನ್ ಒಂಬತ್ತನೇ ತಿಂಗಳಲ್ಲಿ ಹಾಳಾಗಿ, ಕೋಷ್ಟಕದಲ್ಲಿ ಶೇ 40 ಸವಕಳಿ ಇದ್ದರೆ ಉಳಿಯುವುದು 12,000. ಅದರಲ್ಲಿ ಶೇ 5 ನಿಮ್ಮ ಪಾಲು ಹೋದರೆ ಕೈಗೆ ಬರುವುದು 11,400. ಹಾಳಾದ ಫೋನ್ ವಿಮಾ ಕಂಪನಿಗೆ ಸೇರುತ್ತದೆ. ಎರಡನೇ ವರ್ಷಕ್ಕೆ ನವೀಕರಿಸುವ ಮುನ್ನ ಈ ಕೋಷ್ಟಕ ನೋಡಿದರೆ ಅನೇಕರು ನವೀಕರಿಸಲಿಕ್ಕಿಲ್ಲ.

ಯಾರಿಗೆ, ಯಾರಿಗಲ್ಲ

ಡೆಲಿವರಿ ಹುಡುಗರು, ಆ್ಯಪ್ ನಂಬಿ ಬಾಡಿಗೆ ಹುಡುಕುವ ಆಟೊ ಚಾಲಕರು ಫೋನನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡವರು. ಅವರಿಗೆ ವಿಮೆ ಬೇಕೇ ಬೇಕು ಎಂದು ಮೊದಲ ನೋಟಕ್ಕೆ ಅನಿಸುತ್ತದೆ. ನನಗೆ ಹಾಗೆ ಅನಿಸುವುದಿಲ್ಲ. ಕ್ಲೇಮ್ ಹಾಕಿ, ಒಪ್ಪಿಗೆ ಸಿಕ್ಕಿ, ಫೋನ್ ಕಳಿಸಿ, ರಿಪೇರಿಯಾಗಿ ಬರಲು ಹಲವು ದಿನ ಹಿಡಿಯಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ತಮ್ಮೂರಿನ ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲೋ ಸಾಮಾನ್ಯ ಮಾಡೆಲಿನ ಪರದೆಯನ್ನು ಅದೇ ದಿನ ಹಾಕಿಸಿಕೊಳ್ಳಬಹುದು. ದಿನದ ದುಡಿಮೆ ನಿಂತವರಿಗೆ ಪರದೆಯ ಬೆಲೆಗಿಂತ ನಿಂತ ದಿನಗಳ ಬೆಲೆ ಹೆಚ್ಚು. ಅವರಿಗೆ ಹೆಚ್ಚು ಆಸರೆಯಾಗುವುದು ಚಾರ್ಜ್ ಮಾಡಿ ಮನೆಯಲ್ಲಿಟ್ಟ ಒಂದು ಹಳೆಯ ಫೋನ್. ಆದರೆ ಒಂದು ಎಚ್ಚರ: ಪ್ಲಾನ್ ಇದ್ದೂ ಹೊರಗಿನ ಅಂಗಡಿಯಲ್ಲಿ ಬಿಚ್ಚಿಸಿದರೆ ವಿಮೆಯ ಹಕ್ಕು ಹೋಗುತ್ತದೆ, ಕಂಪನಿಯ ವಾರಂಟಿಗೂ ತೊಂದರೆಯಾಗಬಹುದು. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು.

ಇದೇ ದುಡಿಯುವ ಜನರಿಗೆ ನಾನು ಕೈಮುಗಿದು ಹೇಳುವ ಮಾತೊಂದಿದೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿ ಕೊಟ್ಟರೆ 2 ಲಕ್ಷ ರೂಪಾಯಿಯ ಅಪಘಾತ ವಿಮೆ ಸಿಗುತ್ತದೆ, 18ರಿಂದ 70 ವರ್ಷದವರೆಗೆ. ಜೀವನ್ ಜ್ಯೋತಿ ಯೋಜನೆಯಲ್ಲಿ 436 ರೂಪಾಯಿಗೆ 2 ಲಕ್ಷದ ಜೀವ ವಿಮೆ. ಸೇರಲು ವಯಸ್ಸು 18ರಿಂದ 50. ಬ್ಯಾಂಕ್ ಖಾತೆ ಇದ್ದರೆ ಸಾಕು. ಇವೆರಡಕ್ಕೂ ವರ್ಷಕ್ಕೆ ಕೊಡುವುದು 456 ರೂಪಾಯಿ. ಇವಿಲ್ಲದವರು ಫೋನಿಗೆ ಸಾವಿರ ರೂಪಾಯಿಯ ವಿಮೆ ಮಾಡಿಸುವುದು ನನಗೆ ನೋವಿನ ವಿಷಯ.

ಹಾಗಾದರೆ ಯಾರಿಗೆ ಸರಿ? ದುಬಾರಿ ಫೋನ್ ಇದ್ದು ಅದನ್ನು ಮೂರು ವರ್ಷ ನಡೆಸಬೇಕೆಂದಿರುವವರಿಗೆ, ಮನೆಯಲ್ಲಿ ಪುಟ್ಟ ಮಕ್ಕಳಿರುವವರಿಗೆ, ಹಿಂದಿನ ಎರಡು ಫೋನ್‌ಗಳ ಪರದೆಯನ್ನೂ ಒಡೆದುಕೊಂಡವರಿಗೆ. ಅವರೂ ತಯಾರಕ ಕಂಪನಿಯದೇ ಪ್ಲಾನ್ ಇದ್ದರೆ ಅದನ್ನು ಮೊದಲು ನೋಡಲಿ. ಅದರಲ್ಲಿ ಸಾಮಾನ್ಯವಾಗಿ ಅಸಲಿ ಬಿಡಿಭಾಗ ಸಿಗುತ್ತದೆ, ಪ್ರತಿ ರಿಪೇರಿಗೆ ನಿಮ್ಮ ಪಾಲು ಎಷ್ಟೆಂದು ಮೊದಲೇ ಗೊತ್ತಿರುತ್ತದೆ, ಮೂರನೆಯವರ ಜೊತೆ ಪತ್ರವ್ಯವಹಾರ ಕಡಿಮೆ.

ಕೊಂಡಾಗಿದ್ದರೆ

ಬಿಲ್ಲಿನ ಹೆಸರು ಮತ್ತು ವಿಮೆಯ ಹೆಸರು ಒಂದೇ ಇರಲಿ. ಮಗ ಬೆಂಗಳೂರಿನಲ್ಲಿ ತನ್ನ ಹೆಸರಿಗೆ ಕೊಂಡು ಹಾವೇರಿಯ ಅಮ್ಮನಿಗೆ ಕಳಿಸಿದ ಫೋನಿಗೆ ಕ್ಲೇಮ್ ಬಂದಾಗ ಯಾರು ಬಳಸುತ್ತಿದ್ದರು ಎಂಬ ಪ್ರಶ್ನೆ ಏಳಬಹುದು. ಕುಟುಂಬದವರ ಬಳಕೆಗೆ ಅವಕಾಶವಿದೆಯೇ ಎಂದು ಮೊದಲೇ ಕೇಳಿ. ವಾರಂಟಿಯಲ್ಲಿ ಕಂಪನಿ ಫೋನನ್ನೇ ಬದಲಿಸಿ ಕೊಟ್ಟರೆ ಐಎಂಇಐ ಸಂಖ್ಯೆ ಬದಲಾಗುತ್ತದೆ. ಹೊಸ ಸಂಖ್ಯೆಯನ್ನು ವಿಮೆಯವರಿಗೆ ಬರೆದು ತಿಳಿಸಿ, ಉತ್ತರ ಬಂದ ಮೇಲೆಯೇ ಸುಮ್ಮನಾಗಿ. ಇದನ್ನು ಮರೆತವರ ವಿಮೆ ಈಗ ಅಸ್ತಿತ್ವದಲ್ಲಿಲ್ಲದ ಫೋನಿಗೆ ಅಂಟಿಕೊಂಡಿರುತ್ತದೆ.

ಒಡೆದ ದಿನವೇ ಫೋಟೊ ತೆಗೆಯಿರಿ, ದಿನಾಂಕ, ಜಾಗ ಬರೆದಿಡಿ. ತಿಳಿಸಲು 24 ಅಥವಾ 48 ಗಂಟೆಯ ಗಡುವು ಇರುವುದು ಸಾಮಾನ್ಯ. ಫೋನ್ ಮಾಡಿ ಹೇಳಿದರೂ ಇಮೇಲ್ ಒಂದನ್ನು ಕಳಿಸಿ. ರಿಪೇರಿಗೆ ಕೊಡುವ ಮುನ್ನ ಫೋಟೊ, ದಾಖಲೆ ಬೇರೆಡೆ ಉಳಿಸಿ, ಬ್ಯಾಂಕಿನ ಆ್ಯಪ್‌ಗಳನ್ನು ತೆಗೆಯಿರಿ. ಅಳಿಸಿಹೋದ ಮಾಹಿತಿಗೆ ಯಾರೂ ಹೊಣೆಯಲ್ಲ.

ತಡವಾಯಿತು ಎಂಬ ಕಾರಣಕ್ಕೇ ಕ್ಲೇಮ್ ತಳ್ಳಿದರೆ ಎದೆಗುಂದಬೇಡಿ. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ, ಕಳುವಾದ ಕೂಡಲೇ ಎಫ್‌ಐಆರ್ ಆಗಿದ್ದರೆ ವಿಮಾ ಕಂಪನಿಗೆ ತಿಳಿಸಲು ತಡವಾಯಿತೆಂಬ ಒಂದೇ ಕಾರಣಕ್ಕೆ ನ್ಯಾಯವಾದ ಕ್ಲೇಮನ್ನು ನಿರಾಕರಿಸುವಂತಿಲ್ಲ ಎಂದಿತು. ಅದು ವಾಹನ ವಿಮೆಯ ಪ್ರಕರಣ. ಫೋನಿನ ಕ್ಲೇಮಿನಲ್ಲೂ ವಾದಕ್ಕೆ ಅದು ಬಲ ಕೊಡುತ್ತದೆ.

ನಿರಾಕರಣೆಯ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ವಿಮಾ ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ, ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲಿಯೂ ದಾಖಲಿಸಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಕರ್ನಾಟಕಕ್ಕೆ ಅದರ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ಗುಂಪು ಪಾಲಿಸಿಯ ಸದಸ್ಯರೂ ಹೋಗಬಹುದು. ವಿಮೆಯಲ್ಲದ ಪ್ಲಾನ್ ಆಗಿದ್ದರೆ, ಅಥವಾ ಅಂಗಡಿಯವರೇ ಸುಳ್ಳು ಹೇಳಿ ಮಾರಿದ್ದರೆ, ಜಿಲ್ಲಾ ಗ್ರಾಹಕರ ಆಯೋಗ ಇದೆ. ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಇ-ಜಾಗೃತಿ ಪೋರ್ಟಲ್ ಮೂಲಕ ಮನೆಯಿಂದಲೇ ದೂರು ಸಲ್ಲಿಸಬಹುದು, ವಕೀಲರಿಲ್ಲದೆ ನೀವೇ ವಾದಿಸಬಹುದು. ಬಿಲ್, ವಿಮಾ ಪ್ರಮಾಣಪತ್ರ, ಒಡೆದ ಫೋನಿನ ಫೋಟೊ, ನಿರಾಕರಣೆಯ ಇಮೇಲ್ ಇವಿಷ್ಟು ಜೊತೆಯಲ್ಲಿರಲಿ.